ಗೌರಿಯ ಬಾಣಂತನ

ಭಾನುವಾರ, ಬೆಳಗಿನ ಐದೂವರೆ. ಸ್ಥಳ: ಪಾಂಡವಪುರಕ್ಕೆ ಹತ್ತಿರದ ನಮ್ಮ ಹಳ್ಳಿಯ ಮನೆ, ನಡುಮನೆಯ ಪಕ್ಕದ ಸಣ್ಣ ಕೋಣೆ. ಹಾಜರಿದ್ದವರು: ನಾನು, ನನ್ನ ತಮ್ಮನ ಹೆಂಡತಿ ಜಯಮ್ಮ, ಗೌರಿ, ಮತ್ತು ಗೌರಿಗೆ ಆಗತಾನೆ ಹುಟ್ಟಿದ ಮಕ್ಕಳು. ತಮ್ಮ ಚಿಕ್ಕಣ್ಣ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದ, ಆದ್ದರಿಂದ ಗೈರುಹಾಜರಿ. ಮಕ್ಕಳ ತಂದೆಯೂ ಗೈರು. ಅವನನ್ನು ಮುಂಚೆಯೇ ಬೇರೆ ಪಂಜರಕ್ಕೆ ವರ್ಗಾಯಿಸಿದ್ದೆ.

ಪಂಜರ ಎಂದೆನಲ್ಲ. ಗೌರಿ ಒಂದು ಇಲಿ.

ಇದನ್ನು ಹೇಳಲು ನನಗೆ ಈಗ ಸಂಕೋಚವಿಲ್ಲ. ಮೊದಮೊದಲು ಇತ್ತು. ಕಬ್ಬು, ಭತ್ತ, ರಾಗಿ ಬೆಳೆಯುವ ಈ ಸೀಮೆಯಲ್ಲಿ ಇಲಿ ಸಾಕುತ್ತೇನೆ ಎನ್ನುವುದು ಪೊಲೀಸ್ ಠಾಣೆಯ ಎದುರು ಮನೆಯನ್ನು ಕಳ್ಳನಿಗೆ ಬಾಡಿಗೆಗೆ ಕೊಟ್ಟಂತೆ. ಇಲ್ಲಿ ಗದ್ದೆಯ ಬದುವಿನಲ್ಲಿ ಬಿಲ ಕಂಡರೆ ಸಾಕು, ಗುದ್ದಲಿ ಏಳುತ್ತದೆ. ನಾಗಮಂಗಲದ ಕಡೆ ತೆಂಗಿನ ಮರಗಳಿಗೆ ಸೊಂಟಪಟ್ಟಿ ಕಟ್ಟಿದ ಹಾಗೆ ತಗಡು ಸುತ್ತಿರುವುದನ್ನು ಬಸ್ಸಿನ ಕಿಟಕಿಯಿಂದ ನೀವೂ ನೋಡಿರಬಹುದು. ಅದು ಅಲಂಕಾರಕ್ಕಲ್ಲ, ಇಲಿ ಹತ್ತಬಾರದೆಂದು. ನನ್ನ ತಮ್ಮನಂತೂ ವರ್ಷಕ್ಕೆ ಎರಡು ಸಲ ಕಬ್ಬಿನ ಗದ್ದೆಗೆ ಪಾಷಾಣ ಇಡುವವನು. ಅಂಥವನ ಮನೆಯ ಕೋಣೆಯಲ್ಲಿ ಕಪ್ಪು ತಲೆಯ, ಬಿಳಿ ಮೈಯ ಗೌರಿ ಮೊಟ್ಟೆ ತಿಂದುಕೊಂಡು ಸುಖವಾಗಿದ್ದಾಳೆ. ಇದನ್ನು ಸಾಧಿಸಿದ್ದು ನಾನು ಎಂದು ಹೇಳಿಕೊಳ್ಳುವುದರಲ್ಲಿ ತಪ್ಪೇನಿದೆ.

ನಾನು ಕೆ.ಆರ್. ಪೇಟೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಕೆಲಸಕ್ಕೆ ಸೇರಿದ ದಿನ ಹೊಡೆದ ಬೆಳಗಿನ ಗಂಟೆ ನಿವೃತ್ತಿಯ ದಿನದವರೆಗೂ ಒಂದು ನಿಮಿಷ ಆಚೀಚೆ ಆಗಲಿಲ್ಲ. ಉಗುರು ನೋಡುವುದು, ಹಾಸಿಗೆ ಬಿಸಿಲಿಗೆ ಹಾಕಿಸುವುದು, ಊಟಕ್ಕೆ ಸಾಲು ನಿಲ್ಲಿಸುವುದು, ಎಲ್ಲಕ್ಕೂ ವೇಳೆ ಇತ್ತು. ಮಗಳು ಬಡವಾಗಿದ್ದಾಳೆ ಎಂದು ಯಾವ ತಾಯಿಯೂ ನನ್ನ ಮುಂದೆ ಬಂದು ಹೇಳಲಿಲ್ಲ. ಕಲ್ಲುಮನಸ್ಸಿನವಳು ಎಂದು ಬೆನ್ನ ಹಿಂದೆ ಅಂದವರಿದ್ದರು. ಅಂದವರ ಮಕ್ಕಳೂ ಚೆನ್ನಾಗಿಯೇ ಬೆಳೆದರು.

ಆ ಮಕ್ಕಳಲ್ಲಿ ಒಬ್ಬಳು ದೊಡ್ಡವಳಾಗಿ ನಾಗಮಂಗಲದ ಒಂದು ಕಚೇರಿಯಲ್ಲಿ ನೌಕರಿಯಲ್ಲಿದ್ದಳು. ಉತ್ತರದ ಕಡೆಗೆ ವರ್ಗವಾಯಿತು. ಅವಳ ಮಗಳು ಮೈಸೂರಿನಿಂದ ತರಿಸಿ ಸಾಕಿದ್ದ ಎರಡು ಇಲಿಗಳನ್ನು ಅಷ್ಟು ದೂರ ರೈಲಿನಲ್ಲಿ ಒಯ್ಯುವುದು ಹೇಗೆ? ಪಂಜರಕ್ಕೆ ದುಪಟ್ಟಾ ಸುತ್ತಿಕೊಂಡು ಬಸ್ಸಿನಲ್ಲಿ ಬಂದಳು. “ನೂರಾರು ಹುಡ್ಗೀರ್ನ ಸಾಕಿದ್ದೀರಿ ಮೇಡಂ, ಇವು ಎರಡೇ ಎರಡು. ಎರಡೂ ಹೆಣ್ಣೇ, ಜಗಳ ಇಲ್ಲ, ಗಲಾಟೆ ಇಲ್ಲ,” ಎಂದು ಹೇಳಿ ನಡುಮನೆಯಲ್ಲಿ ಇಟ್ಟಳು. ಎರಡೂ ಹೆಣ್ಣು ಎಂದ ಮೇಲೆ ನನಗೆ ಧೈರ್ಯ ಬಂತು. ಅದು ನನಗೆ ಗೊತ್ತಿರುವ ಕ್ಷೇತ್ರ. ಒಂದಕ್ಕೆ ಗೌರಿ, ಇನ್ನೊಂದಕ್ಕೆ ಗಂಗೆ ಎಂದು ಹೆಸರಿಟ್ಟೆ. ಬೆಳಗ್ಗೆ ಪಂಜರದ ತಟ್ಟೆ ತೊಳೆಯುವುದು, ನೀರು ಬದಲಿಸುವುದು, ಸಂಜೆ ಹೊರಗೆ ಬಿಟ್ಟು ಓಡಾಡಿಸುವುದು ಎಂದು ವೇಳಾಪಟ್ಟಿ ಮಾಡಿದೆ. ಎರಡೂ ಅದಕ್ಕೆ ಹೊಂದಿಕೊಂಡವು. ಸಂಜೆಯ ವೇಳೆಗೆ ಸರಿಯಾಗಿ ಪಂಜರದ ಬಾಗಿಲಲ್ಲಿ ಬಂದು ನಿಲ್ಲುವಷ್ಟು ಶಿಸ್ತು ಕಲಿತವು.

ಒಂದು ದಿನ ಚಿಕ್ಕಣ್ಣ ಕಾಫಿಯ ಲೋಟ ಹಿಡಿದುಕೊಂಡು ಪಂಜರದ ಮುಂದೆ ಬಗ್ಗಿ ನೋಡಿದ. ಹಸು, ಕುರಿ, ಹೋರಿ ನೋಡಿದ ಕಣ್ಣು ಅವನದು.

“ಅಕ್ಕ, ನಿನ್ ಗಂಗೆ ಗಂಡು ಕಣಕ್ಕ.”

“ಸುಮ್ನಿರ್ಲಾ. ಎಲ್ಲಾ ವಿಚಾರಿಸೇ ತಗೊಂಡಿರೋದು.”

“ವಿಚಾರ್ಸಿದ್ರೆ ಆಯ್ತಾ, ನೋಡ್ಬ್ಯಾಡ್ವಾ? ಪ್ಯಾಟೇಲೂ ಎಣ್ಮಕ್ಳ ಆಸ್ಟ್ಲು ಇಂಗೇ ನಡ್ಸಿದ್ಯಾ?”

ಲೋಟ ಅಲುಗುವಷ್ಟು ನಕ್ಕ. ನಾನು ನಗಲಿಲ್ಲ. ಹಾಸ್ಟೆಲಿನ ಕಾಂಪೌಂಡು ಹಾರಲು ಬಂದ ಪುಂಡರನ್ನು ಟಾರ್ಚು ಹಿಡಿದು ಓಡಿಸಿದವಳು ನಾನು. ಈಗ ನನ್ನ ಕಣ್ಣ ಮುಂದೆಯೇ, ನನ್ನ ಕೈಯಲ್ಲೇ ಹೆಸರು ಇಡಿಸಿಕೊಂಡು, ಒಬ್ಬ ಒಳಗೆ ಕೂತುಬಿಟ್ಟಿದ್ದ. ಗಂಗೆ ಅವತ್ತೇ ಗಂಗಣ್ಣನಾಗಿ ಬೇರೆ ಪಂಜರಕ್ಕೆ ಹೋದ. ಆದರೆ ಆಗಬೇಕಾದ್ದು ಆಗಿಹೋಗಿತ್ತು.

ಶ್ರೀರಂಗಪಟ್ಟಣದಲ್ಲಿ ಪರಿಚಯದ ಪಶುವೈದ್ಯರೊಬ್ಬರಿದ್ದಾರೆ. ಫೋನ್ ಮಾಡಿ, ಇಲಿಯ ಹೆರಿಗೆಗೆ ಏನು ಸಿದ್ಧತೆ ಮಾಡಬೇಕು ಎಂದು ಕೇಳಿದೆ. “ಇಷ್ಟು ವರ್ಷ್ದಲ್ಲಿ ಇಲಿ ಸಾಯ್ಸೋಕೆ ಔಷ್ಧಿ ಕೇಳಿದೋರೇ ಎಲ್ಲಾ, ಹೆರ್ಸೋಕೆ ಕೇಳಿದೋರು ನೀವೇ ಮೊದ್ಲು,” ಎಂದರು. ಆದರೂ ಓದಿ ತಿಳಿದು ಸಂಜೆ ತಾವೇ ಫೋನ್ ಮಾಡಿದರು. ಬೆಚ್ಚಗಿರಲಿ, ಕತ್ತಲಿರಲಿ, ಗದ್ದಲ ಬೇಡ, ಗೂಡಿಗೆ ಮೆತ್ತನೆಯ ಕಾಗದ ಕೊಡಿ, ಬಟ್ಟೆ ಬೇಡ, ನೂಲು ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದರು. ಕೈ ಒರೆಸುವ ಕಾಗದ ಕೊಟ್ಟೆ. ಗೌರಿ ಅದನ್ನು ಹರಿದು, ಕಚ್ಚಿ, ಶಾವಿಗೆಯಂತೆ ಸಣ್ಣಗೆ ಸೀಳಿ, ಮೂಲೆಯಲ್ಲಿ ಒಂದು ಗೂಡು ಕಟ್ಟಿದಳು. ಹಾಸ್ಟೆಲಿನ ಯಾವ ಹುಡುಗಿಯೂ ಅಷ್ಟು ಅಚ್ಚುಕಟ್ಟಾಗಿ ಹಾಸಿಗೆ ಹಾಸಿದ್ದು ನಾನು ನೋಡಿಲ್ಲ.

ಹೀಗೆ ಆ ಭಾನುವಾರ ಬಂತು.

ಆಗತಾನೆ ಹುಟ್ಟಿದ ಇಲಿಮರಿ ಕಡಲೆಕಾಯಿಯಷ್ಟಿರುತ್ತದೆ. ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ಕಿವಿ ಮಡಿಚಿಕೊಂಡಿದೆ. ಮೈ ನಸುಗೆಂಪು. ಚರ್ಮ ಎಷ್ಟು ತೆಳುವೆಂದರೆ ಒಳಗಿನದೆಲ್ಲ ಕಾಣುತ್ತದೆ. ಹಾಲು ಕುಡಿದಿದ್ದರೆ ಹೊಟ್ಟೆಯ ಎಡಗಡೆ ಬೆಳ್ಳಗೆ ಒಂದು ಗೆರೆ ಮೂಡುತ್ತದೆ. ಮಗು ಕುಡಿಯಿತೋ ಇಲ್ಲವೋ ಎಂದು ಒದ್ದಾಡುವ ಎಷ್ಟು ತಾಯಂದಿರಿಗೆ ಇಂಥ ಅನುಕೂಲವಿದೆ, ಹೇಳಿ. ಅಂದು ಬೆಳಗ್ಗೆ ಎಲ್ಲ ಮರಿಗಳ ಹೊಟ್ಟೆಯಲ್ಲೂ ಗೆರೆ ಇತ್ತು, ಒಂದನ್ನು ಬಿಟ್ಟು. ಅದು ಎಲ್ಲಕ್ಕಿಂತ ಚಿಕ್ಕದು, ಉಳಿದವುಗಳ ಕೆಳಗೆ ಸಿಕ್ಕಿಕೊಂಡು ಬಾಯಿ ಆಡಿಸುತ್ತಿತ್ತು.

ಅಭ್ಯಾಸಬಲದಿಂದ ಬೆರಳು ತೋರಿಸಿ ಎಣಿಸಲು ಹೊರಟೆ. ಜಯಮ್ಮ ಕೈ ಹಿಡಿದಳು.

“ಎಣಿಸ್ಬ್ಯಾಡಿ ಅತ್ಗೆಮ್ಮ, ಕಣ್ಣಾಯ್ತದೆ. ಎತ್ತಿರೋಳು ನಾನು, ನನ್ನ ಮಾತು ಕೇಳಿ.”

ಹೆತ್ತವಳು ತಾನು ಎಂಬುದು ಜಯಮ್ಮ ನನ್ನ ಮೇಲೆ ಹಾಕುವ ಕಡೆಯ ಪಟ್ಟು. ಬೇರೆಲ್ಲದರಲ್ಲೂ ನಾನು ಹೇಳಿದ್ದೇ ನಡೆಯುವ ಮನೆಯಲ್ಲಿ ಇದೊಂದರಲ್ಲಿ ಅವಳದೇ ಮೇಲುಗೈ. ನಾನು ಮದುವೆಯಾದವಳಲ್ಲ. ನನಗೆ ಯಾರೂ ಬಾಣಂತನ ಮಾಡಿಲ್ಲ, ನಾನೂ ಯಾರಿಗೂ ಮಾಡಿಲ್ಲ. ಅವಳದು ಕಿಕ್ಕೇರಿಯ ಕಡೆಯ ದೊಡ್ಡ ಮನೆತನ. ಅಕ್ಕತಂಗಿಯರದು, ನಾದಿನಿಯರದು ಎಂದು ಬಾಣಂತನಗಳ ನಡುವೆಯೇ ಬೆಳೆದವಳು. ಅದಕ್ಕೆ ನಾನು ಬೆರಳು ಮಡಿಚಿ ಮನಸ್ಸಿನಲ್ಲೇ ಎಣಿಸಿದೆ. ಎಷ್ಟು ಎಂದು ಇಲ್ಲಿಯೂ ಬರೆಯುವುದಿಲ್ಲ, ಅವಳಿಗೆ ಮಾತು ಕೊಟ್ಟಿದ್ದೇನೆ.

ಬಾಣಂತಿಯ ಊಟದ ವಿಷಯದಲ್ಲಿ ಒಪ್ಪಂದವಾಯಿತು. ಉಪ್ಪಿಲ್ಲದ ಮೆತ್ತನೆಯ ರಾಗಿಮುದ್ದೆ ಒಂದು ಚೂರು, ಬೇಯಿಸಿದ ಮೊಟ್ಟೆ. ಮೆಣಸು ಬೆಳ್ಳುಳ್ಳಿಯ ಸಾರು ಬೇಡವೆಂದು ನಾನು, ಬೇಕೆಂದು ಅವಳು. ಗೌರಿಯೇ ತೀರ್ಮಾನ ಮಾಡಿದಳು. ಸಾರು ಮೂಸಿ ನೋಡಿ, ಮೊಟ್ಟೆಯ ಕಡೆ ತಿರುಗಿದಳು. ನಾನು ಗೆದ್ದ ಸಂತೋಷದಲ್ಲಿ ಇನ್ನಷ್ಟು ಕಾಗದ, ಒಂದು ಹನಿ ಹಾಕುವ ಕೊಳವೆ ತರಲು ಪಾಂಡವಪುರಕ್ಕೆ ಹೊರಟೆ. ಚಿಕ್ಕ ಮರಿಗೆ ನಾವೇ ಹಾಲು ಕುಡಿಸಬೇಕಾದೀತು ಎಂಬ ಯೋಚನೆ ಇತ್ತು. ಹೋಗುವಾಗ ಜಯಮ್ಮನಿಗೆ ಸ್ಪಷ್ಟವಾಗಿ ಹೇಳಿದೆ: “ಯಾವ್ದನ್ನೂ ಕೈಯಲ್ಲಿ ಮುಟ್ಬೇಡ ಕಣಮ್ಮಿ.”

ಅವಳು ಮುಟ್ಟಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಆಜ್ಞೆ ಪಾಲನೆಯಾಯಿತು.

ಬಸ್ಸಿಳಿದು ಬರುವಾಗ ಅಂಗಳದಲ್ಲೇ ವಾಸನೆ ಬಂತು. ಸಾಂಬ್ರಾಣಿ. ಒಳಗೆ ಓಡಿದೆ. ಕೋಣೆಯಲ್ಲಿ ಪಂಜರದ ಪಕ್ಕ ಕೆಂಡದ ಬಟ್ಟಲು. ಪಂಜರವನ್ನೂ ಬಟ್ಟಲನ್ನೂ ಸೇರಿಸಿ ದೊಡ್ಡ ಮಂಕರಿ ಬುಟ್ಟಿಯನ್ನು ಬೋರಲು ಹಾಕಿದ್ದಳು. ನಮ್ಮಲ್ಲಿ ಎಳೆಮಗುವಿಗೆ ನೀರು ಹಾಕಿದ ಮೇಲೆ ಹೀಗೆಯೇ ಹೊಗೆ ಕೊಡುವುದು. ಬಿದಿರಿನ ಸಂದುಗಳಿಂದ ಹೊಗೆ ಎಳೆಎಳೆಯಾಗಿ ಏಳುತ್ತಿತ್ತು. ಮಂಕರಿ ಎತ್ತಿ, ಪಂಜರವನ್ನು ಹೊತ್ತುಕೊಂಡು ನಡುಮನೆಗೆ ತಂದೆ. ಗೌರಿ ಒಂದು ಮೂಲೆಗೆ ಒತ್ತಿಕೊಂಡು ಸೀನುತ್ತಿದ್ದಳು. ಅವಳು ಕಟ್ಟಿದ್ದ ಗೂಡಿಲ್ಲ. ಅದರ ಜಾಗದಲ್ಲಿ ಹಳೆಯ ಸೀರೆಯ ತುಂಡು. ಮರಿಗಳು ಅದರ ಮೇಲೆ ಒಂದೊಂದು ದಿಕ್ಕಿಗೆ ಬಿದ್ದಿದ್ದವು.

ಸಿಟ್ಟು ಬಂದಾಗ ನನ್ನ ದನಿ ಇಳಿಯುತ್ತದೆ. ಹಾಸ್ಟೆಲಿನ ಹುಡುಗಿಯರಿಗೆ ಇದು ಗೊತ್ತಿತ್ತು. ಜಯಮ್ಮನಿಗೂ ಗೊತ್ತು.

“ಗೂಡು ಎಲ್ಲಿ ಜಯ?”

“ಒದ್ದೆಯಾಗಿತ್ತು ಅತ್ಗೆಮ್ಮ, ರಕ್ತ ಬೇರೆ ಆಗಿತ್ತು. ಮಕ್ಳುನ್ನ ಬಟ್ಟೇಲಿ ತಗ್ದು ಮಡಗಿ, ಗೂಡ್ನ ಇಕ್ಳದಲ್ಲಿ ತಗ್ದು ತಿಪ್ಪೆಗಾಕ್ದೆ. ಎರ್ಗೆ ಬಟ್ಟೆ ಯಾರಾದ್ರೂ ಮನೇಲಿ ಮಡಿಕತ್ತಾರಾ?”

ಹಾಗೆ ಹೇಳುತ್ತ ಹೇಳುತ್ತ ಅವಳಿಗೂ ಏನೋ ತಪ್ಪಿದೆ ಎಂದು ಅನ್ನಿಸಿತು. ಯಾಕೆಂದರೆ ಆ ಹೊತ್ತಿಗೆ ಗೌರಿ ಮೂಲೆಯಿಂದ ಬಂದು, ಒಂದು ಮರಿಯನ್ನು ಮೂಸಿ, ಬಾಯಿಯಲ್ಲಿ ಎತ್ತಿ, ನಾಲ್ಕು ಹೆಜ್ಜೆ ಒಯ್ದು, ಅಲ್ಲೇ ಕೆಡವಿ ಹಿಂದಕ್ಕೆ ಹೋದಳು. ಇನ್ನೊಂದನ್ನು ಮೂಸಿದಳು, ಎತ್ತಲೇ ಇಲ್ಲ.

ಚಿಕ್ಕಣ್ಣ ಗದ್ದೆಯಿಂದ ಬಂದವನು ಕುಡುಗೋಲನ್ನು ಬಾಗಿಲ ಸಂದಿಗೆ ಸಿಕ್ಕಿಸಿ ನೋಡಿದ. “ಇನ್ನೇನು, ತಿಂದಾಕ್ಬುಡ್ತದೆ. ಇಲಿ ಜಾತಿನೇ ಅಂಗೆ.”

“ನಿನ್ ಅಸು ಕರೂನ ಏನ್ ನೋಡಿ ಗುರ್ತು ಇಡೀತದ್ಲಾ?” ಎಂದು ಕೇಳಿದೆ. ಸಿಟ್ಟಿನಲ್ಲಿ ನನ್ನ ಮಾತೂ ಊರಿನದ್ದೇ ಆಗುತ್ತದೆ.

“ಮೂಸಿ.”

“ಇದೂ ಅಷ್ಟೇ. ಮಕ್ಳ ಮೈಯಲ್ಲಿ ಸಾಂಬ್ರಾಣಿ ವಾಸ್ನೆ. ಅವ್ಳ ಗೂಡಿನ ವಾಸ್ನೆ ತಿಪ್ಪೇಲಿ.”

ಅವನಿಗೆ ಮುಂದೆ ವಿವರಿಸಬೇಕಾಗಲಿಲ್ಲ. ಹೈನುಗಾರನಿಗೆ ಇಷ್ಟು ಸಾಕು. ಪಂಚೆ ಎತ್ತಿ ಕಟ್ಟಿಕೊಂಡು ನನಗಿಂತ ಮೊದಲು ಹಿತ್ತಿಲಿಗೆ ನಡೆದ. ತಿಪ್ಪೆಯ ಮೇಲೆ ಬೆಳಗಿನ ಸಗಣಿ ಬಿದ್ದಿತ್ತು, ಅದರ ಮೇಲೆ ಒಲೆಯ ಬೂದಿ. ಗುದ್ದಲಿ ಹಾಕಿದರೆ ಗೂಡು ಚೂರಾಗುತ್ತದೆ ಎಂದು ಬರಿಗೈಯಲ್ಲೇ ಬಗೆದ. ಒಂದು ಕಡೆ ಅವನು, ಇನ್ನೊಂದು ಕಡೆ ಜಯಮ್ಮ, ನಡುವೆ ಸೀರೆ ಎತ್ತಿ ಸಿಕ್ಕಿಸಿಕೊಂಡು ನಾನು. ಪಕ್ಕದ ಮನೆಯ ಯಜಮಾನ ಬೇಲಿಯಾಚೆ ನಿಂತು ಸ್ವಲ್ಪ ಹೊತ್ತು ನೋಡಿದ.

“ಏನ್ ಚಿಕ್ಕಣ್ಣ, ಮೂರ್ ಜನ ತಿಪ್ಪೆ ಕೆದ್ಕತಾ ಇದೀರಿ? ಕಿವಿ ವಾಲೆ ಬಿದ್ದೋಯ್ತಾ?”

“ಊಂ ಕಣ್ಲಾ,” ಎಂದ ನನ್ನ ತಮ್ಮ, ತಲೆ ಎತ್ತದೆ. “ನಮ್ಮಕ್ಕುಂದು. ಬಾಳ ಬೆಲೆದು.”

ಜೀವಮಾನವೆಲ್ಲ ಇಲಿ ಕೊಂದವನು ಒಂದು ಇಲಿಯ ಹರಕು ಹಾಸಿಗೆಗಾಗಿ ಮೊಣಕೈವರೆಗೆ ಸಗಣಿ ಮಾಡಿಕೊಂಡು ಹೀಗೆ ಸುಳ್ಳು ಹೇಳಿದ. ನನ್ನ ತಮ್ಮನ ಬಗ್ಗೆ ನನಗೆ ಹೆಮ್ಮೆಯಾದ ದಿನಗಳು ಬೇರೆಯೂ ಇವೆ. ಇದಕ್ಕೆ ಅವುಗಳಲ್ಲಿ ಮುಂದಿನ ಸಾಲಿನಲ್ಲೇ ಜಾಗ.

ಗೂಡು ಸಿಕ್ಕಿದ್ದು ಜಯಮ್ಮನಿಗೆ. ಹೊರಗಿನ ಪದರ ಕೆಟ್ಟಿತ್ತು. ಬಿಡಿಸಿದರೆ ಒಳಗಿನ ಒಂದು ಹಿಡಿಯಷ್ಟು ಕಾಗದದ ಎಳೆ, ಗೌರಿಯ ಮೈಯ ಒದ್ದೆ ಇನ್ನೂ ಆರದೆ, ಶುದ್ಧವಾಗಿ ಉಳಿದಿತ್ತು. ಆ ಎಳೆಗಳನ್ನು ಜಯಮ್ಮನ ಮಡಿಲಿಗೆ ಹಾಕಿ, ಕೈ ತೊಳೆದುಕೊಂಡೆ. ತೊಳೆದ ಮೇಲೆ ನೆನಪಾಯಿತು, ಸೋಪು ಹಾಕಿ ತೊಳೆದಿದ್ದೆ. ಊಟಕ್ಕೆ ಮುಂಚೆ ಸೋಪು ಹಾಕದ ಎಷ್ಟು ಹುಡುಗಿಯರನ್ನು ಸಾಲಿನಿಂದ ವಾಪಸು ಕಳಿಸಿದ್ದೇನೋ. ಅಂದು ಸೋಪಿನ ವಾಸನೆ ಹೋಗಲೆಂದು ಬರೀ ನೀರಿನಲ್ಲಿ ಮತ್ತೆ ಮತ್ತೆ ಉಜ್ಜಿ, ಆ ಹಳೆಯ ಎಳೆಗಳನ್ನೇ ಅಂಗೈಗೆ ತಿಕ್ಕಿಕೊಂಡೆ. ಮರಿಗಳ ಮೈ ತಣ್ಣಗಾಗಿತ್ತು. ಬಿಸಿನೀರು ತುಂಬಿದ ಬಾಟಲಿಗೆ ಟವೆಲು ಸುತ್ತಿ, ಅದರ ಪಕ್ಕ ಮಲಗಿಸಿ ಬೆಚ್ಚಗೆ ಮಾಡಿದೆ. ಆಮೇಲೆ ಒಂದೊಂದನ್ನೇ ಆ ಎಳೆಗಳಲ್ಲಿ ಹೊರಳಿಸಿ, ಸೀರೆಯ ತುಂಡು ತೆಗೆದು, ಉಳಿದ ಗೂಡನ್ನು ಮೊದಲಿನ ಮೂಲೆಗೇ ಸೇರಿಸಿ, ಅದರೊಳಗೆ ಇಟ್ಟೆ. ಪಕ್ಕದಲ್ಲಿ ಹೊಸ ಕಾಗದ ಹಾಕಿದೆ. ಹೊಗೆ ಪೂರ್ತಿ ಹೋದ ಕೋಣೆಗೆ ಪಂಜರ ಒಯ್ದು, ಗಾಳಿಯಾಡಲು ಒಂದು ಬದಿ ಬಿಟ್ಟು ಕಂಬಳಿ ಹೊದಿಸಿ, ಬಾಗಿಲು ಎಳೆದುಕೊಂಡು ಬಂದೆ.

“ಯಾರೂ ಇಣುಕ್ಬಾರ್ದು. ನಾನೂ ಸೇರಿ,” ಎಂದೆ.

ವೇಳಾಪಟ್ಟಿಯಲ್ಲಿ ಬದುಕಿದವಳಿಗೆ ಕಾಯುವುದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಕಾಯುವುದಕ್ಕೆ ಗಂಟೆ ಹೊಡೆಯಲು ಬರುವುದಿಲ್ಲ. ಆದರೆ ಈ ಒಂದು ವಿಷಯದಲ್ಲಿ ನನಗೆ ಅನುಭವವಿತ್ತು. ಹಾಸ್ಟೆಲಿಗೆ ಹೊಸದಾಗಿ ಸೇರಿದ ಹುಡುಗಿ ಮೊದಲ ವಾರ ಅಳುತ್ತಾಳೆ. ತಾಯಿ ಬಂದು ಕಿಟಕಿಯಲ್ಲಿ ಇಣುಕುತ್ತಾಳೆ. ಇಣುಕಿದಷ್ಟೂ ಹುಡುಗಿ ತಟ್ಟೆ ಮುಟ್ಟುವುದಿಲ್ಲ. ಮೊದಲ ವಾರ ಯಾರೂ ಬರಕೂಡದು ಎಂದು ನಾನು ನಿಯಮ ಮಾಡಿದಾಗಲೇ ನನಗೆ ಕಲ್ಲುಮನಸ್ಸಿನವಳು ಎಂಬ ಬಿರುದು ಸಿಕ್ಕಿದ್ದು. ಕಿಟಕಿಯಿಂದ ತಾಯಿ ಸರಿದ ಮೇಲೆ ಹುಡುಗಿ ಪಕ್ಕದವಳ ತಟ್ಟೆ ನೋಡುತ್ತಾಳೆ, ಆಮೇಲೆ ತನ್ನ ತಟ್ಟೆ ನೋಡುತ್ತಾಳೆ. ನಾನು ಕಂಬದ ಮರೆಯಲ್ಲಿ ನಿಂತು ಅದನ್ನು ನೋಡಿದ್ದೇನೆ, ಬೇಕಾದಷ್ಟು ಸಲ.

ಜಗಲಿಯ ಮೇಲೆ ಕೂತು ಇಲಿಯ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ನೆನಪು ಮಾಡಿಕೊಂಡೆ. ಸಂಸ್ಕೃತದಲ್ಲಿ ಇಲಿಗೆ ಮೂಷಿಕ ಎನ್ನುತ್ತಾರೆ, ಎಂದರೆ ಕದಿಯುವವನು. ಹೆಸರಿನಲ್ಲೇ ಆರೋಪ ಹೊರಿಸಿ, ಆಮೇಲೆ ಅದೇ ಕಳ್ಳನ ಬೆನ್ನ ಮೇಲೆ ಗಣಪತಿಯನ್ನು ಕೂರಿಸಿದ್ದೇವೆ. ಗಣಪತಿಗೆ ಕಡುಬು ಇಡುವಾಗ ಕಾಲಬಳಿಯ ಇಲಿಗೂ ಒಂದು ಹೂವು ಬೀಳುತ್ತದೆ. ಮಾರನೆಯ ದಿನ ಬೋನಿಗೆ ಕೊಬ್ಬರಿ ಸಿಕ್ಕಿಸುತ್ತೇವೆ. ನಮ್ಮ ಅಜ್ಜನ ಕಾಲದಲ್ಲಿ ಈ ಅಂಗಳದಲ್ಲೇ ನೆಲದೊಳಗೆ ರಾಗಿ ತುಂಬುವ ಹಗೇವು ಇತ್ತು. ನೆಲ ತೋಡಿ, ಧಾನ್ಯ ತುಂಬಿ, ಬಾಯಿ ಮುಚ್ಚಿ, ಬರುವ ವರ್ಷಕ್ಕೆಂದು ಇಡುವುದನ್ನು ನಾವು ಇಲಿಯಿಂದ ಕಲಿತೆವೋ ಅದು ನಮ್ಮಿಂದ ಕಲಿಯಿತೋ, ಹೇಳುವವರಿಲ್ಲ. ಒಟ್ಟಿನಲ್ಲಿ ಎರಡು ಒಕ್ಕಲು ಕುಟುಂಬಗಳು ಒಂದೇ ಗದ್ದೆಗೆ ಜಗಳವಾಡುತ್ತಿವೆ, ಅಷ್ಟೇ.

ಜಯಮ್ಮ ಮಧ್ಯಾಹ್ನ ಊಟ ಮಾಡಲಿಲ್ಲ. ಕಂಬಕ್ಕೆ ಒರಗಿ ಕೂತಿದ್ದಳು.

“ಒಳ್ಳೇದ್ಕೇ ಮಾಡ್ದೆ ಅತ್ಗೆಮ್ಮ. ಶೀತ ಆಗ್ಬಾರ್ದು ಅಂತ.”

“ಗೊತ್ತು ಕಣಮ್ಮಿ. ನಿನ್ ಮಗು ಆಗಿದ್ದಿದ್ರೆ ಕೆಂಡ ನಾನೇ ತಂದ್ಕೊಡ್ತಿದ್ದೆ.”

ಇದು ಸಮಾಧಾನಕ್ಕೆ ಹೇಳಿದ್ದಲ್ಲ, ನಿಜ. ಅವಳು ಆ ಮರಿಗಳನ್ನು ಇಲಿ ಎಂದು ಎಣಿಸಿದ್ದರೆ ತಪ್ಪೇ ಆಗುತ್ತಿರಲಿಲ್ಲ. ಮಕ್ಕಳು ಎಂದುಕೊಂಡಳು, ಆದ್ದರಿಂದ ಮಂಕರಿ ಹುಡುಕಿದಳು. ಈ ಮನೆಗೆ ಸೊಸೆಯಾಗಿ ಬಂದವಳು ನನ್ನ ಇಲಿಯನ್ನು ತವರಿಗೆ ಬಂದ ಮಗಳಂತೆ ನೋಡಿದ್ದಕ್ಕೆ ನಾನು ಹೇಗೆ ಗದರಲಿ? ಆದರೂ ಒಳಗೆ ಆ ಚಿಕ್ಕದು ಬಾಯಿ ಆಡಿಸುತ್ತಿದ್ದುದು ಕಣ್ಣಿಗೆ ಕಟ್ಟಿತ್ತು. ಉಳಿದವು ಅರ್ಧ ದಿನ ತಡೆದಾವು. ಅದು ಒಂದು ಹನಿಯೂ ಕುಡಿದಿರಲಿಲ್ಲ. ಹನಿ ಹಾಕುವ ಕೊಳವೆ ನನ್ನ ಚೀಲದಲ್ಲೇ ಇತ್ತು. ಆದರೆ ಈಗ ಕೈ ಹಾಕಿ ಎತ್ತಿದರೆ ಗೌರಿ ಎಲ್ಲವನ್ನೂ ಬಿಟ್ಟುಬಿಟ್ಟರೆ ಎಂಬ ಭಯ. ಒಂದಕ್ಕಾಗಿ ಎಲ್ಲವನ್ನೂ ಪಣಕ್ಕಿಡಲು ಮನಸ್ಸು ಬರಲಿಲ್ಲ. ಚೀಲವನ್ನು ಎರಡು ಸಲ ತೆರೆದು ಎರಡು ಸಲ ಮುಚ್ಚಿದೆ.

ಚಿಕ್ಕಣ್ಣ ಆ ಮಧ್ಯಾಹ್ನ ಕಬ್ಬಿಗೆ ಪಾಷಾಣ ಇಡಲು ಹೋಗಬೇಕಾಗಿತ್ತು. ಹೋಗಲಿಲ್ಲ. ಆಗಲೇ ಹರಿತವಾಗಿದ್ದ ಕುಡುಗೋಲನ್ನು ಕಲ್ಲಿಗೆ ಉಜ್ಜುತ್ತ ಕೂತ.

“ಹೋಗಲ್ವೇನ್ಲಾ?”

“ನಾಳಿಕ್ ಇಟ್ರಾಯ್ತು ಬುಡಕ್ಕ. ಇವತ್ತು ಯಾಕೋ ಸರಿ ಕಾಣಲ್ಲ.”

ನಾಳೆ ಇಡುತ್ತಾನೆ. ನಾನು ಬೇಡ ಎನ್ನಲಾರೆ. ಆ ಗದ್ದೆಯ ಅನ್ನವನ್ನೇ ನಾನೂ ಉಣ್ಣುವುದು. ಆದರೂ ಅವನ ಆ ಒಂದು ದಿನದ ರಜೆ ನನಗೆ ಇಷ್ಟವಾಯಿತು.

ಸಂಜೆ ಹಾಲು ಕರೆದಾದ ಮೇಲೆ ಮೂವರೂ ಕೋಣೆಗೆ ಹೋದೆವು. ಕಂಬಳಿಯ ಅಂಚನ್ನು ನಾನೇ ಎತ್ತಿದೆ. ಮೂಲೆಯಲ್ಲಿ ಗೂಡಿನ ಗೋಡೆ ಎದ್ದಿತ್ತು. ನಾನು ಇಟ್ಟ ಹೊಸ ಕಾಗದವೆಲ್ಲ ಸೀಳಿ, ಹಳೆಯ ಎಳೆಗಳ ಸುತ್ತ ಸೇರಿಕೊಂಡು, ಬಟ್ಟಲಿನಂತೆ ಆಗಿತ್ತು. ಅದರೊಳಗೆ ಗೌರಿ ಬೆನ್ನು ಬಾಗಿಸಿ, ಎಲ್ಲವನ್ನೂ ಹೊಟ್ಟೆಯಡಿ ಮುಚ್ಚಿಕೊಂಡು ಕೂತಿದ್ದಳು. ಹೊರಗೆ ಬಿದ್ದಿದ್ದ ಮರಿ ಒಂದೂ ಇರಲಿಲ್ಲ.

ಮೊಟ್ಟೆಯ ಚೂರು ಹಿಡಿದೆ. ಅವಳು ಎದ್ದು ಬಂದು, ಎರಡೂ ಕೈಯಲ್ಲಿ ಹಿಡಿದುಕೊಂಡು ತಿನ್ನತೊಡಗಿದಳು. ಆಗ ನೋಡಿದೆವು. ಬಿಳಿಯ ಗೆರೆ, ಬಿಳಿಯ ಗೆರೆ, ಬಿಳಿಯ ಗೆರೆ. ಚಿಕ್ಕದು ಎಲ್ಲಕ್ಕಿಂತ ಒಳಗೆ ಇತ್ತು. ನನ್ನ ಕನ್ನಡಕಕ್ಕೆ ಅಲ್ಲಿ ಏನೂ ಕಾಣಲಿಲ್ಲ. ಚಿಕ್ಕಣ್ಣ ಉಸಿರು ಹಿಡಿದು ಬಗ್ಗಿದ.

“ತಡಿ ಅಕ್ಕ, ನೆಳ್ಳು ಬತ್ತದೆ, ಈಚೆ ಬಾ.” ಕಣ್ಣು ಕಿರಿದು ಮಾಡಿ ನೋಡಿದ. “ಕುಡ್ದದೆ ಕಣಕ್ಕ. ದಾರದಷ್ಟು ಅದೆ ನೋಡು. ಕುಡ್ದದೆ.”

ಜಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ, “ನಾ ಯೋಳಿರ್ನಿಲ್ವಾ, ಎತ್ತೋಳ್ಗೆ ಕರ್ಳು ಚುರುಕ್ ಅನ್ದೇ ಇರ್ತದಾ,” ಎಂದಳು. ಅವಳು ಹಾಗೇನೂ ಹೇಳಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ. ಗೆದ್ದ ದಿನ ಯಾರು ಏನು ಹೇಳಿದ್ದರು ಎಂದು ವಿಚಾರಣೆ ಮಾಡುವುದು ಒಳ್ಳೆಯ ಆಡಳಿತವಲ್ಲ.

ಅಷ್ಟರಲ್ಲಿ ಚಿಕ್ಕಣ್ಣನ ಫೋನು ಹೊಡೆದುಕೊಂಡಿತು. ಕಿಕ್ಕೇರಿಯಿಂದ ಜಯಮ್ಮನ ಅಣ್ಣ. ನಾಳೆ ಮನೆಯವರನ್ನೆಲ್ಲ ಕರೆದುಕೊಂಡು ಬರುತ್ತೇವೆ ಎಂದು ಹೇಳಿದರೆಂದು ತೋರುತ್ತದೆ. ಚಿಕ್ಕಣ್ಣ ಕೋಣೆಯಿಂದ ಆಚೆ ಹೋಗಿ, ದನಿ ತಗ್ಗಿಸಿ ಹೇಳುತ್ತಿದ್ದುದು ನನಗೆ ಕೇಳಿಸಿತು.

“ನಾಳಿಕ್ ಬ್ಯಾಡಿ ಬಾವ, ಮುಂದಿನ್ ವಾರ ಬನ್ನಿ. ಮನೇಲಿ ಬಾಣಂತಿ ಅವ್ಳೆ, ಗದ್ಲ ಆಗ್ಬಾರ್ದು… ಊಂ, ತಾಯಿ ಮಕ್ಳು ಎಲ್ಲಾ ಚೆನ್ನಾಗವ್ರೆ… ಅಯ್ಯೋ, ನಿಮ್ ತಂಗಿ ಅಲ್ಲ ಬಾವ. ನಿಮ್ ತಂಗಿಗೆ ಈ ವಯ್ಸಲ್ಲಿ ಏನ್ ಬಂತು. ನಮ್ಮಕ್ಕುನ್ ಕಡೆಯೋಳು.”

ನನ್ನ ಕಡೆಯವಳು ಅರ್ಧ ಮೊಟ್ಟೆ ಮುಗಿಸಿ ಮಕ್ಕಳ ಬಳಿಗೆ ಹೋದಳು. ನಾನು ನೀರಿನ ಬಾಟಲಿ ತುಂಬಿದೆ, ಗಂಗಣ್ಣನಿಗೆ ಅವನ ಪಾಲು ಕೊಟ್ಟೆ, ಕಂಬಳಿ ಇಳಿಬಿಟ್ಟು ಬಾಗಿಲು ಮುಂದೆ ಮಾಡಿದೆ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.